ಅವನಿಗೊಬ್ಬನಿಗೇ ಬೇರೆ ತಟ್ಟೆ ಬೇಡ

ದಾವಣಗೆರೆಯಿಂದ ಓದುಗರೊಬ್ಬರು ಬರೆದ ಉದ್ದ ಪತ್ರದ ಮುಖ್ಯ ಭಾಗ ಇದು. ಹೆಸರು ಹಾಕಬೇಡಿ ಎಂದಿದ್ದಾರೆ.

'ನನ್ನ ಮಗನಿಗೆ 9 ವರ್ಷ. ಎತ್ತರ 132 ಸೆಂಟಿಮೀಟರ್, ತೂಕ 41 ಕಿಲೊ. ಶಾಲೆಯಲ್ಲಿ ಎಲ್ಲರೂ ಡುಮ್ಮ ಅಂತ ಕರೀತಾರಂತೆ. ಪಿ.ಟಿ. ಪೀರಿಯಡ್ ಇರುವ ದಿನ ಹೊಟ್ಟೆನೋವು ಅಂತಾನೆ. ಕುತ್ತಿಗೆಯ ಹಿಂದೆ ಕಪ್ಪಾಗಿದೆ. ನಿಂಬೆಹಣ್ಣು, ಕಡಲೆಹಿಟ್ಟು ಹಚ್ಚಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಅನ್ನ ಬಿಡಿಸಿ ಅವನಿಗೆ ಮಾತ್ರ ಓಟ್ಸ್ ಕೊಟ್ಟು ನೋಡಿದೆ, ಅತ್ತು ರಂಪ ಮಾಡಿದ. ಉಂಡಾಡೋ ಮಗು, ದೃಷ್ಟಿ ಹಾಕಬೇಡ ಅಂತಾರೆ ನಮ್ಮತ್ತೆ. ನಾನು ಬಸುರಿಯಾಗಿದ್ದಾಗ ಶುಗರ್ ಬಂದಿತ್ತು. ಅದಕ್ಕೇ ಹೀಗಾಯಿತೇ? ದಯವಿಟ್ಟು ಒಂದು ಡಯಟ್ ಚಾರ್ಟ್ ಕೊಡಿ. ಇನ್ನೊಂದು ಮಾತು. ಮುಂದಿನ ತಿಂಗಳು ಅವನ ಹುಟ್ಟುಹಬ್ಬ. ಕೇಕ್ ತರಲೋ ಬೇಡವೋ?'

ಸಂಪಾದಕರ ಉತ್ತರ:

ತಾಯಿ, ಆ ಕುತ್ತಿಗೆ ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ಅದು ಕೊಳೆ ಅಲ್ಲ. ಡಾಕ್ಟರುಗಳು ಅದಕ್ಕೆ ಅಕ್ಯಾಂಥೋಸಿಸ್ ನೈಗ್ರಿಕನ್ಸ್ ಅಂತಾರೆ. ನಮ್ಮ ರಕ್ತದ ಸಕ್ಕರೆಯನ್ನು ಹದ್ದುಬಸ್ತಿನಲ್ಲಿ ಇಡೋದು ಇನ್ಸುಲಿನ್. ಮೈಯಲ್ಲಿ ಕೊಬ್ಬು ಜಾಸ್ತಿಯಾದಾಗ ಅದರ ಮಾತು ಸರಿಯಾಗಿ ನಡೆಯೋದಿಲ್ಲ. ಆಗ ಮೈ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚಿನ ಇನ್ಸುಲಿನ್‌ನಿಂದ ಕುತ್ತಿಗೆ, ಕಂಕುಳಿನ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಮುಟ್ಟಿದರೆ ಮಖಮಲ್ಲಿನ ಹಾಗಿರುತ್ತದೆ. ಉಜ್ಜಿದರೆ ಚರ್ಮ ಕೆಂಪಾಗಿ ಉರಿಯುತ್ತದೆ ಅಷ್ಟೇ. ತಾನು ಕೊಳಕ ಅನ್ನೋ ಭಾವನೆಯೂ ಮಗುವಿನ ಮನಸ್ಸಿನಲ್ಲಿ ಕೂತುಬಿಡುತ್ತದೆ. ತೂಕ ಹತೋಟಿಗೆ ಬಂದರೆ ಆ ಕಪ್ಪು ನಿಧಾನವಾಗಿ ತಾನೇ ತಿಳಿಯಾಗುತ್ತದೆ.

ಇದೇ ಕಾರಣಕ್ಕೆ ಈ ವಾರವೇ ಅವನನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕುತ್ತಿಗೆ ತೋರಿಸಿ. ರಕ್ತದ ಸಕ್ಕರೆ ನೋಡಬೇಕೇ ಎಂದು ಕೇಳಿ. ರಾತ್ರಿ ಗೊರಕೆ ಹೊಡೀತಾನಾ, ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತಾ, ಮಂಡಿ ನೋವು ಅಂತಾನಾ, ಇದನ್ನೆಲ್ಲ ಮೊದಲೇ ಗಮನಿಸಿಟ್ಟುಕೊಂಡು ಹೇಳಿ. ಬೆಳವಣಿಗೆಯ ಚಾರ್ಟಿನಲ್ಲಿ ಅವನು ಎಲ್ಲಿದ್ದಾನೆ ಅಂತ ತೋರಿಸಲು ಹೇಳಿ. ಎತ್ತರಕ್ಕೆ ತೂಕ ಎಷ್ಟಿದೆ ಅಂತ ಹೇಳುವ ಅಂಕಿಗೆ ಬಿಎಂಐ ಅಂತಾರೆ. ದೊಡ್ಡವರ ಬಿಎಂಐ ಲೆಕ್ಕ ಮಕ್ಕಳಿಗೆ ನಡೆಯೋದಿಲ್ಲ. ಮಕ್ಕಳಿಗೆ ವಯಸ್ಸಿಗೆ ತಕ್ಕ ಗೆರೆಗಳು ಬೇರೆ. ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೆಂದೇ ಅಂಥ ಚಾರ್ಟ್ ಮಾಡಿದೆ. ನೀವು ಕೊಟ್ಟ ಲೆಕ್ಕದಲ್ಲಿ ಅವನ ಬಿಎಂಐ 23.5 ಆಗುತ್ತದೆ. 9 ವರ್ಷದ ಹುಡುಗನಿಗೆ ಅದು ಬೊಜ್ಜಿನ ಗೆರೆಗಿಂತ ಮೇಲಿದೆ. ನಿಮ್ಮ ಆತಂಕ ಸುಮ್ಸುಮ್ನೆ ಅಲ್ಲ.

'ಥೈರಾಯ್ಡ್ ಇರಬಹುದು' ಅಂತ ಪಕ್ಕದ ಮನೆಯವರು ಹೇಳಿದರು ಎಂದೂ ಬರೆದಿದ್ದೀರಿ. ಅಂಥ ಹಾರ್ಮೋನಿನ ತೊಂದರೆ ಇದ್ದರೆ ಸಾಮಾನ್ಯವಾಗಿ ಮಗು ಎತ್ತರ ಬೆಳೆಯೋದೂ ನಿಧಾನವಾಗುತ್ತದೆ. ನಿಮ್ಮ ಮಗನ ಎತ್ತರ ವಯಸ್ಸಿಗೆ ಸರಿಯಾಗಿಯೇ ಇದೆ. ಆದರೂ ಪರೀಕ್ಷೆ ಬೇಕೋ ಬೇಡವೋ ಅನ್ನೋದನ್ನು ಡಾಕ್ಟರೇ ಹೇಳಲಿ.

ಈಗ ನಿಮ್ಮನ್ನು ಒಳಗೊಳಗೇ ಕೊರೆಯುತ್ತಿರುವ ಪ್ರಶ್ನೆ. ಬಸುರಿಯಲ್ಲಿ ಬಂದ ಶುಗರಿಗೂ ಇದಕ್ಕೂ ಸಂಬಂಧ ಇದೆಯಾ? ಇರಬಹುದು. ಇದರ ಬಗ್ಗೆ ತುಂಬಾ ಬೆಲೆಬಾಳುವ ಕೆಲಸ ನಡೆದಿರೋದು ನಮ್ಮ ಮೈಸೂರಿನಲ್ಲೇ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರ ಹೊತ್ತಿಗೆ ಹುಟ್ಟಿದ ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಬಿಡದೆ ಅಳೆದು ನೋಡುತ್ತಾ ಬಂದರು. ನಮ್ಮ ಕೂಸುಗಳು ಹುಟ್ಟುವಾಗ ತೂಕದಲ್ಲಿ ಸಣ್ಣವು, ಆದರೆ ಆ ಸಣ್ಣ ಮೈಯಲ್ಲೂ ಮಾಂಸಖಂಡ ಕಡಿಮೆ, ಕೊಬ್ಬಿನ ಪಾಲು ಜಾಸ್ತಿ ಅಂತ ಅಲ್ಲಿ ಕಂಡಿತು. ಬಸುರಿಯಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, 5 ವರ್ಷಕ್ಕೂ, ಮತ್ತೆ ಒಂಬತ್ತೂವರೆ ವರ್ಷಕ್ಕೂ ಉಳಿದವರಿಗಿಂತ ಹೆಚ್ಚು ಕೊಬ್ಬು ಸಿಕ್ಕಿತು. ಇದು ನಿಮ್ಮ ತಪ್ಪು ಅಂತ ಅಲ್ಲ. ಬಸುರಿಯಲ್ಲಿ ಶುಗರ್ ಬರುವುದು ಯಾರೂ ಬೇಕೆಂದು ಮಾಡಿಕೊಳ್ಳುವುದಲ್ಲ. ಅವನದು ಬೇಗ ಕೊಬ್ಬು ಕೂಡಿಸಿಕೊಳ್ಳುವ ಮೈ ಇರಬಹುದು ಅಂತ ತಿಳಿಯಲು ಇಷ್ಟು ಹೇಳಿದೆ. ಅಂಥ ಮಗುವಿಗೆ 'ನೀನು ಜಾಸ್ತಿ ತಿಂತೀಯ' ಅಂತ ಬೈದರೆ ಅದು ಅನ್ಯಾಯ ಅಲ್ವಾ? ಅವನ ಪಕ್ಕ ಕೂತ ಗೆಳೆಯ ಅಷ್ಟೇ ತಿಂದು ಸಣ್ಣಗೇ ಇರಬಹುದು.

ಡಯಟ್ ಚಾರ್ಟ್ ನಾನು ಕೊಡೋದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಯಾಕೆ ಅಂತ ನನ್ನ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ.

ನನ್ನ ಮಗಳು ಆಗ ಐದನೇ ತರಗತಿ. ಯುಗಾದಿ ಹಬ್ಬ, ನೆಂಟರೆಲ್ಲ ಸಾಲಾಗಿ ಊಟಕ್ಕೆ ಕೂತಿದ್ದರು. ಹೋಳಿಗೆ ಬಡಿಸುತ್ತಾ ಬಂದ ನಾನು ಅವಳ ಎಲೆಯ ಮುಂದೆ ನಿಂತು, 'ನಿನಗೆ ಒಂದು ಸಾಕು, ಆಗಲೇ ಎಷ್ಟು ದಪ್ಪ ಆಗಿದ್ದೀಯ ನೋಡು' ಅಂದುಬಿಟ್ಟೆ. ಪಕ್ಕದಲ್ಲಿದ್ದ ಅವಳ ಅಣ್ಣನಿಗೆ ಎರಡು ಹಾಕಿ ಮೇಲೆ ತುಪ್ಪ ಬಿಟ್ಟೆ. ಅವಳು ಏನೂ ಹೇಳಲಿಲ್ಲ. ತನ್ನ ಹೋಳಿಗೆಯನ್ನು ಚೂರು ಚೂರು ಮಾಡಿ ಕೋಸಂಬರಿಯ ಕೆಳಗೆ ಮುಚ್ಚಿಟ್ಟಳು. ಎರಡು ವಾರ ಕಳೆದ ಮೇಲೆ ಒಂದು ಪೆನ್ಸಿಲ್ ಬೇಕಾಗಿ ಅವಳ ಜಾಮಿಟ್ರಿ ಬಾಕ್ಸ್ ತೆರೆದೆ. ಕಂಪಾಸಿನ ಕೆಳಗೆ ನಾಲ್ಕಾಗಿ ಮಡಿಸಿಟ್ಟ ಚಾಕೊಲೇಟ್ ಕಾಗದಗಳು. ಎಣಿಸಿದೆ, ಹನ್ನೊಂದು ಇದ್ದವು. ಎದುರಿಗೆ ತಿನ್ನಲು ನಾಚಿಕೆಪಟ್ಟು ಮಗು ಕದ್ದು ತಿನ್ನೋದನ್ನು ಕಲಿತಿತ್ತು. ಅದನ್ನು ಕಲಿಸಿದವಳು ನಾನು. ಆ ಮಾತನ್ನು ಅವಳು ಮರೆಯಲು ಎಷ್ಟೋ ವರ್ಷ ಬೇಕಾಯಿತು. ನಾನಂತೂ ಇನ್ನೂ ಮರೆತಿಲ್ಲ.

ನಿಮ್ಮ ಓಟ್ಸ್ ವಿಷಯದಲ್ಲೂ ಆಗಿದ್ದು ಇದೇ. ಅಪ್ಪನ ತಟ್ಟೆಯಲ್ಲಿ ಅನ್ನ, ಅಜ್ಜಿಯ ತಟ್ಟೆಯಲ್ಲಿ ಅನ್ನ, ಅವನ ಮುಂದೆ ಮಾತ್ರ ಗಂಜಿಯಂಥ ಓಟ್ಸ್. ಅವನು ಅತ್ತದ್ದು ಅನ್ನಕ್ಕಲ್ಲ ಅಂತ ನನಗನ್ನಿಸುತ್ತದೆ. ಮನೆಯವರೆಲ್ಲ ಒಂದು ಕಡೆ, ತಾನೊಬ್ಬ ಒಂದು ಕಡೆ ಆದೆನಲ್ಲಾ ಅಂತ ಅತ್ತ. ಬದಲಾಯಿಸುವುದಿದ್ದರೆ ಅಡುಗೆಮನೆಯನ್ನೇ ಬದಲಾಯಿಸಿ, ಎಲ್ಲರಿಗೂ ಸೇರಿಸಿ.

ಅವನ ಒಂದು ದಿನದ ತಿಂಡಿ ಬರೆದು ಕಳಿಸಿದ್ದು ಒಳ್ಳೆಯದಾಯಿತು. ನಾನು ಕೂತು ಸಕ್ಕರೆಯ ಅಂದಾಜು ಲೆಕ್ಕ ಹಾಕಿದೆ. ಬೆಳಗ್ಗೆ ಮಾಲ್ಟ್ ಪುಡಿ ಹಾಕಿದ ಹಾಲು, ಮೇಲೆ ಎರಡು ಚಮಚ ಸಕ್ಕರೆ: ಪುಡಿಯಲ್ಲಿರುವುದೂ ಸೇರಿ 16 ಗ್ರಾಂ. ಡಬ್ಬಿಗೆ ಬ್ರೆಡ್ ಜಾಮ್: ಜಾಮ್‌ನಿಂದ 10 ಗ್ರಾಂ. ಶಾಲೆಯಿಂದ ಬಂದ ಕೂಡಲೇ ನಾಲ್ಕು ಕ್ರೀಮ್ ಬಿಸ್ಕತ್ತು: 14 ಗ್ರಾಂ. ಅಂಗಡಿಯ ಮಾವಿನ ಜ್ಯೂಸ್ ಪ್ಯಾಕೆಟ್: 20 ಗ್ರಾಂ. ಒಟ್ಟು 60 ಗ್ರಾಂ, ಅಂದರೆ 12 ಚಮಚ. ಅವನ ವಯಸ್ಸಿಗೆ ದಿನಕ್ಕೆ ಸುಮಾರು 1700 ಕ್ಯಾಲೊರಿ ಬೇಕು. ಹೀಗೆ ಮೇಲಿಂದ ಸೇರುವ ಸಕ್ಕರೆ ಅದರ ಹತ್ತರಲ್ಲಿ ಒಂದು ಪಾಲು ದಾಟಬಾರದು, ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಹೆಚ್ಚೆಂದರೆ 42 ಗ್ರಾಂ, ಸಾಧ್ಯವಾದರೆ 21 ಗ್ರಾಂ. ನೀವು ಕಟ್ಟು ಹಾಕಿದ್ದು ಅನ್ನಕ್ಕೆ. ನೋಡಿ, ಈ 60 ಗ್ರಾಮಿನಲ್ಲಿ ಅನ್ನದ ಮಾತೇ ಇಲ್ಲ.

ಆ ಮಾಲ್ಟ್ ಪುಡಿ 'ಹೆಲ್ತ್ ಡ್ರಿಂಕ್' ಅಲ್ವಾ ಅಂತ ನೀವು ಕೇಳಬಹುದು. ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 'ಹೆಲ್ತ್ ಡ್ರಿಂಕ್' ಅನ್ನೋ ವರ್ಗವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟದವರಿಗೆ, ಇಂಥ ಪುಡಿಗಳನ್ನು ಆ ಹೆಸರಿನ ಕೆಳಗಿಂದ ತೆಗೆಯಿರಿ ಎಂದು ಹೇಳಿತು. ಡಬ್ಬದ ಮುಂದಿನ ಚಿತ್ರ ನೋಡಬೇಡಿ. ಹಿಂದೆ ತಿರುಗಿಸಿ. ಅಲ್ಲಿ ಸಾಮಗ್ರಿಗಳನ್ನು ಯಾವುದು ಹೆಚ್ಚಿದೆಯೋ ಅದರಿಂದ ಶುರುಮಾಡಿ ಬರೆದಿರುತ್ತಾರೆ. ಮೊದಲ ಮೂರು ಹೆಸರಿನಲ್ಲಿ ಸಕ್ಕರೆ ಇದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಹಾಲು ಬರೀ ಹಾಲಾಗಿಯೇ ಚೆನ್ನಾಗಿರುತ್ತದೆ. ಎರಡು ಚಮಚ ಸಕ್ಕರೆಯನ್ನು ಈ ವಾರ ಒಂದೂವರೆ ಮಾಡಿ, ಮುಂದಿನ ವಾರ ಒಂದು, ಆಮೇಲೆ ಅರ್ಧ. ನಾಲಿಗೆ ಒಗ್ಗಿಕೊಳ್ಳುತ್ತದೆ. ನಿಮ್ಮ ಕಾಫಿ, ನಿಮ್ಮ ಯಜಮಾನರ ಟೀ ಕೂಡ ಹಾಗೇ ಇಳಿಯಲಿ.

ಕ್ರೀಮ್ ಬಿಸ್ಕತ್ತು, ಚಿಪ್ಸ್ ತಿನ್ನಬೇಡ ಅಂತ ದಿನಾ ಹೇಳುವುದಕ್ಕಿಂತ ಮನೆಗೆ ತರದೇ ಇರುವುದು ಸುಲಭ. ಕಪಾಟಿನಲ್ಲಿ ಇಟ್ಟು ಬೀಗ ಹಾಕಿದರೆ ಅವನ ಜೀವವೆಲ್ಲ ಆ ಬೀಗದ ಮೇಲೇ ಇರುತ್ತದೆ. ಯಜಮಾನರು ರಾತ್ರಿ ಬರುವಾಗ ಬೇಕರಿಯಿಂದ ಪಫ್ಸ್, ಖಾರ ಬನ್ ಕಟ್ಟಿಸಿಕೊಂಡು ಬರುತ್ತಾರೆ ಎಂದಿದ್ದೀರಿ. ಅದು ಅವರ ಪ್ರೀತಿ. ಇಡೀ ದಿನ ಮಗನನ್ನು ನೋಡದ ಅಪ್ಪ ಬರಿಗೈಯಲ್ಲಿ ಬರಲು ಇಷ್ಟಪಡುವುದಿಲ್ಲ. ಅವರ ಹತ್ತಿರ ಈ ಮಾತಾಡಿ, ಆದರೆ ಮಗನ ಎದುರಿಗೆ ಬೇಡ. ಪೇರಲ ತರಲಿ, ಬಾಳೆಹಣ್ಣು ತರಲಿ. ಸಾಧ್ಯವಾದರೆ ಅರ್ಧ ಗಂಟೆ ಮೊದಲು ಬಂದು ಅವನ ಜೊತೆ ಒಂದು ಸುತ್ತು ಸೈಕಲ್ ಹೊಡೆಸಲಿ. ಬೇಕರಿ ಹದಿನೈದು ದಿನಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಹೋಗಿ ತಿನ್ನುವ ಜಾಗ ಆಗಲಿ.

ಸಂಜೆ ನಾಲ್ಕೂವರೆಗೆ ಅವನು ಹಸಿದು ಬರುತ್ತಾನೆ. ಅದು ನಿಜವಾದ ಹಸಿವು. ಆ ಹೊತ್ತಿಗೆ ಏನಾದರೂ ತಯಾರಿಲ್ಲದಿದ್ದರೆ ಕೈ ಪ್ಯಾಕೆಟ್ಟಿಗೇ ಹೋಗುತ್ತದೆ. ಕಡಲೆಕಾಳು ಉಸಲಿ, ಬೇಯಿಸಿದ ಶೇಂಗಾ, ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆ, ಜೊತೆಗೆ ಮಜ್ಜಿಗೆ. ನಿಮ್ಮೂರಿನ ಮಂಡಕ್ಕಿಗೆ ನಾನೇನೂ ಬೇಡ ಅನ್ನೋದಿಲ್ಲ. ಮಿರ್ಚಿ ಬಿಟ್ಟು, ಈರುಳ್ಳಿ, ಸೌತೆಕಾಯಿ, ಹುರಿಗಡಲೆ, ಹಸಿ ಶೇಂಗಾ ಹಾಕಿ ಕಲಸಿ ಕೊಡಿ. ಕಲಸುವ ಕೆಲಸ ಅವನಿಗೇ ಕೊಟ್ಟರೆ ಇನ್ನೂ ಒಳ್ಳೆಯದು. ತಾನು ನಿಂಬೆಹಣ್ಣು ಹಿಂಡಿದ್ದನ್ನು ಮಕ್ಕಳು ಖುಷಿಯಿಂದ ತಿನ್ನುತ್ತಾರೆ.

ಊಟಕ್ಕೆ ಕೂತಾಗ ಏನು ಬಡಿಸಬೇಕು, ಯಾವ ಹೊತ್ತಿಗೆ ಬಡಿಸಬೇಕು ಅನ್ನೋದು ನಿಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಅನ್ನೋದನ್ನು ಅವನ ಹೊಟ್ಟೆಗೆ ಬಿಡಿ. ತಟ್ಟೆ ಖಾಲಿ ಮಾಡಲೇಬೇಕು ಅಂತ ಒತ್ತಾಯ ಬೇಡ. ಮೊದಲು ಪಲ್ಯ, ಕಾಳು ಬರಲಿ. ಆಮೇಲೆ ರೊಟ್ಟಿ, ಅನ್ನ. ಮೊಬೈಲ್ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ. ಊಟದ ಹೊತ್ತಿನಲ್ಲಿ ಮನೆಯ ಎಲ್ಲ ಮೊಬೈಲುಗಳೂ ಬೇರೆ ಕೋಣೆಯಲ್ಲಿರಲಿ. ನಿಮ್ಮದೂ.

ನಿಮ್ಮ ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಮಕ್ಕಳು ಸೊರಗಿದ್ದನ್ನು, ಬರಗಾಲದಲ್ಲಿ ಹಸಿದಿದ್ದನ್ನು ಕಂಡ ತಲೆಮಾರು ಅದು. ಗುಂಡುಗುಂಡಾದ ಮೊಮ್ಮಗ ಅವರ ಕಣ್ಣಿಗೆ ದೇವರು ಕೊಟ್ಟ ನೆಮ್ಮದಿ. ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಸೊಸೆ ಹೇಳಿದರೆ ವಾದ ಆಗುತ್ತದೆ, ಡಾಕ್ಟರ್ ಹೇಳಿದರೆ ಕಿವಿಗೆ ಬೀಳುತ್ತದೆ. ಬಂದ ಮೇಲೆ ಅವರಿಗೊಂದು ಜವಾಬ್ದಾರಿ ಕೊಡಿ. ಜೋಳದ ರೊಟ್ಟಿ ಬಡಿಯೋದು, ಮಡಕೆಕಾಳು ಮೊಳಕೆ ಕಟ್ಟೋದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮೊಮ್ಮಗನಿಗೆ ಉಣಿಸುವ ಆಸೆಯನ್ನು ಕಿತ್ತುಕೊಳ್ಳಬೇಡಿ, ಉಣಿಸುವ ಪದಾರ್ಥ ಬದಲಾದರೆ ಸಾಕು.

ಆಟದ ವಿಷಯಕ್ಕೆ ಬರೋಣ. ಪಿ.ಟಿ. ದಿನದ ಹೊಟ್ಟೆನೋವು ಸುಳ್ಳಲ್ಲ. ಅವಮಾನದ ಭಯಕ್ಕೆ ನಿಜವಾಗಿಯೂ ಹೊಟ್ಟೆ ಹಿಂಡುತ್ತದೆ. ಶಾಲೆಗೆ ಹೋಗಿ ಕ್ಲಾಸ್ ಟೀಚರ್ ಹತ್ತಿರವೂ ಪಿ.ಟಿ. ಮಾಸ್ತರ ಹತ್ತಿರವೂ ಮಾತಾಡಿ. ಆ ಅಡ್ಡಹೆಸರು ನಿಲ್ಲಬೇಕು ಅಂತ ಗಟ್ಟಿಯಾಗಿ ಹೇಳಿ. ಮನೆಯಲ್ಲೂ ಯಾರೂ ಮುದ್ದಿಗೆ ಕೂಡ ಹಾಗೆ ಕರೆಯಬಾರದು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ ಬೇಕು. ಒಂದೇ ಸಲ ಅಷ್ಟು ಆಗಬೇಕೆಂದಿಲ್ಲ. ಓಟದಲ್ಲಿ ಹಿಂದೆ ಬೀಳುವವನಿಗೆ ಈಜು, ಸೈಕಲ್, ಶಟಲ್ ಕಾಕ್ ಖುಷಿ ಕೊಡಬಹುದು. ಅವನು ಇಷ್ಟಪಟ್ಟದ್ದನ್ನೇ ಆಡಲಿ. ಇದು ತೂಕ ಇಳಿಸೋಕೆ ಅಂತ ಮಾತ್ರ ಹೇಳಬೇಡಿ. ರಾತ್ರಿ 9 ಗಂಟೆ ನಿದ್ದೆಯಾದರೂ ಆಗಲಿ. ನಿದ್ದೆ ಕಡಿಮೆಯಾದರೆ ಹಸಿವು ಜಾಸ್ತಿಯಾಗುತ್ತದೆ.

ಶಾಲೆಗೆ ಹೋದಾಗ ಗೇಟಿನ ಪಕ್ಕದ ಅಂಗಡಿಯ ಮಾತೂ ಎತ್ತಿ. ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿನಿಸುಗಳನ್ನು ಶಾಲೆಯ ಒಳಗೂ, ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದು ಅಂತ 2020ರ ನಿಯಮವೇ ಇದೆ. ನೀವೊಬ್ಬರೇ ಹೇಳಿದರೆ ನಡೆಯಲಿಕ್ಕಿಲ್ಲ. ನಾಲ್ಕು ಜನ ತಾಯಂದಿರು ಸೇರಿ ಹೋಗಿ.

ತೂಕ ಎಷ್ಟು ಇಳಿಸಬೇಕು? ಡಾಕ್ಟರ್ ಬೇರೆ ಹೇಳದಿದ್ದರೆ, ಇಳಿಸುವ ಗೊಡವೆಯೇ ಬೇಡ. ಈ ವಯಸ್ಸಿನ ಮಗು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತದೆ. ಮುಂದಿನ ವರ್ಷ ಅವನು 138 ಸೆಂಟಿಮೀಟರ್ ಆಗಿ, ತೂಕ 41ರಲ್ಲೇ ನಿಂತರೆ ಬಿಎಂಐ 23.5ರಿಂದ 21.5ಕ್ಕೆ ಬಂದಿರುತ್ತದೆ. ಒಂದು ದಿನವೂ ಉಪವಾಸ ಕೆಡವದೆ. ದಿನಾ ತೂಕದ ಮಷಿನ್ ಮೇಲೆ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಹೋದಾಗ ನೋಡಿದರೆ ಸಾಕು.

ಕೇಕ್ ತನ್ನಿ. ಅವನಿಗೆ ಇಷ್ಟವಾದದ್ದನ್ನೇ ತನ್ನಿ. ಗೆಳೆಯರನ್ನು ಕರೆಯಿರಿ. ಎಲ್ಲರಿಗೂ ಒಂದೇ ಅಳತೆಯ ತುಂಡು ಕೊಡಿ, ಅವನಿಗೂ ಅಷ್ಟೇ ದೊಡ್ಡದು. ಅವನು ತಿನ್ನುವಾಗ ಯಾರೂ ಅವನ ತಟ್ಟೆ ನೋಡಬೇಡಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಡದೆ ಅವತ್ತೇ ಅಕ್ಕಪಕ್ಕದ ಮನೆಗಳಿಗೆ ಅವನ ಕೈಯಲ್ಲೇ ಹಂಚಿಸಿ. ಮತ್ತೆ ಆ ದಿನ ಅವನಿಗೆ ಕಾಲರ್ ಇರುವ ಶರ್ಟ್ ಬೇಕಾ, ಇಲ್ಲದ್ದು ಬೇಕಾ ಅಂತ ಅವನನ್ನೇ ಕೇಳಿ. ಕುತ್ತಿಗೆ ಯಾರಾದರೂ ನೋಡುತ್ತಾರೆ ಅನ್ನೋ ಹೆದರಿಕೆ ಅವನಿಗೆ ಇದ್ದೇ ಇರುತ್ತದೆ.