ಕ್ರೀಡಾಕೂಟದ ಆತಿಥ್ಯಕ್ಕೆ ಬಿಡ್ ಸಲ್ಲಿಸಲು ಸರ್ಕಾರದ ಒಪ್ಪಿಗೆ ಏಕೆ ಬೇಕು?

ಅಂತರರಾಷ್ಟ್ರೀಯ ಕೂಟಗಳಿಗೆ ಬಿಡ್ ಸಲ್ಲಿಸುವುದು ಕ್ರೀಡಾ ಸಂಸ್ಥೆಗಳ ಕೆಲಸವಾಗಿರುವಾಗ ದೇಶದ ಸರ್ಕಾರ ಅದಕ್ಕೊಂದು ನೀತಿ ಮಾಡಿಕೊಂಡು ಅಡ್ಡ ನಿಲ್ಲುವುದು ಹಸ್ತಕ್ಷೇಪವಲ್ಲವೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಅಲ್ಲ. ಅರ್ಜಿ ಕ್ರೀಡಾ ಸಂಸ್ಥೆಯದ್ದಾದರೂ ಜಾಮೀನು ಸರ್ಕಾರದ್ದು. ಜಾಮೀನು ಹಾಕುವವನು ಲೆಕ್ಕ ಕೇಳಬಾರದು ಎನ್ನುವುದು ಯಾವ ನ್ಯಾಯ?

ಫುಟ್‌ಬಾಲ್ ವಿಶ್ವಕಪ್ ಅನ್ನೇ ನೋಡಿ. ಆತಿಥೇಯ ಸರ್ಕಾರದಿಂದ ಫಿಫಾ ಬರವಣಿಗೆಯಲ್ಲಿ ಪಡೆಯುವ ಭರವಸೆಗಳಲ್ಲಿ ವೀಸಾ, ಕೆಲಸದ ಪರವಾನಗಿ, ತೆರಿಗೆ ವಿನಾಯಿತಿ, ಭದ್ರತೆ, ವಾಣಿಜ್ಯ ಹಕ್ಕುಗಳ ರಕ್ಷಣೆ ಎಲ್ಲವೂ ಇರುತ್ತವೆ. ಇವುಗಳಲ್ಲಿ ಒಂದನ್ನೂ ಕೊಡುವ ಅಧಿಕಾರ ಫುಟ್‌ಬಾಲ್ ಒಕ್ಕೂಟಕ್ಕಿಲ್ಲ. ಬ್ರೆಜಿಲ್‌ನ ಕ್ರೀಡಾಂಗಣಗಳಲ್ಲಿ ಮದ್ಯ ಮಾರಾಟಕ್ಕೆ ನಿಷೇಧವಿತ್ತು. 2014ರ ವಿಶ್ವಕಪ್‌ಗೆಂದು ಆ ದೇಶ 2012ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿ ಬಿಯರ್ ಮಾರಾಟಕ್ಕೆ ದಾರಿ ಬಿಡಬೇಕಾಯಿತು. ಫಿಫಾದ ಪ್ರಾಯೋಜಕರಲ್ಲಿ ಬಿಯರ್ ಕಂಪನಿಯೂ ಇತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಹಣದ ವಿಷಯ ಇದಕ್ಕಿಂತ ಗಂಭೀರ. ಉದ್ಘಾಟನೆಯ ದಿನಾಂಕ ಮೊದಲೇ ನಿಗದಿಯಾಗಿರುವುದರಿಂದ, ಕಾಮಗಾರಿ ತಡವಾದಷ್ಟೂ ಗುತ್ತಿಗೆದಾರನ ಕೈ ಮೇಲಾಗುತ್ತದೆ. ಆಗ ಚೌಕಾಸಿ ಮಾಡಲು ಯಾರಿಗೂ ಸಮಯವಿರುವುದಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಕೊರತೆಯನ್ನು ತುಂಬಿಕೊಡಲು ಕೆನಡಾದ ಒಕ್ಕೂಟ ಸರ್ಕಾರ ಒಪ್ಪದೆ, ಸ್ಮರಣಾರ್ಥ ನಾಣ್ಯ, ಅಂಚೆಚೀಟಿ, ಲಾಟರಿಗಳಿಗಷ್ಟೇ ಅನುಮತಿ ಕೊಟ್ಟಿತು. ಉಳಿದ ಹೊರೆ ನಗರದ ಮತ್ತು ಕ್ವಿಬೆಕ್ ಪ್ರಾಂತ್ಯದ ಪಾಲಿಗೆ ಬಿತ್ತು. ತಂಬಾಕಿನ ಮೇಲಿನ ತೆರಿಗೆಯಿಂದ ತೀರಿಸುತ್ತಾ ಬಂದ ಆ ಸಾಲ ಮುಗಿದದ್ದು 2006ರಲ್ಲಿ. ಮುಂದೆ ಕೆನಡಾ ರೂಪಿಸಿದ ಆತಿಥ್ಯ ನೀತಿಯಲ್ಲಿ ಒಕ್ಕೂಟ ಸರ್ಕಾರದ ನೆರವು ಕೂಟದ ಒಟ್ಟು ವೆಚ್ಚದ ಶೇ. 35ನ್ನೂ, ಎಲ್ಲ ಸರ್ಕಾರಗಳು ಸೇರಿ ಕೊಡುವ ಹಣದ ಶೇ. 50ನ್ನೂ ಮೀರಬಾರದೆಂಬ ಮಿತಿಯಿದೆ. ನೀತಿ ಎಂದರೆ ಇಂಥದ್ದಿರಬೇಕು ಎಂದು ನನಗನ್ನಿಸುತ್ತದೆ. ಗೆಲ್ಲುವ ಉತ್ಸಾಹ ಏರುವ ಮೊದಲೇ ಬರೆದಿಟ್ಟ ಅಂಕಿ ಅದು.

ಕಟ್ಟುನಿಟ್ಟಾದರೆ ಕೂಟವೇ ಕೈತಪ್ಪುತ್ತದೆ ಎಂಬ ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿದೆ. 1984ರ ಒಲಿಂಪಿಕ್ಸ್‌ಗೆ ನಗರದ ಹಣ ಬಳಸಬಾರದೆಂದು ಲಾಸ್ ಏಂಜಲೀಸ್‌ನ ಮತದಾರರು 1978ರಲ್ಲಿ ತೀರ್ಮಾನಿಸಿದರೂ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಪ್ಪಿಕೊಂಡಿತು, ಏಕೆಂದರೆ ಕಣದಲ್ಲಿ ಬೇರೆ ನಗರವೇ ಉಳಿದಿರಲಿಲ್ಲ. ಆ ಕೂಟ 20 ಕೋಟಿ ಡಾಲರ್‌ಗೂ ಹೆಚ್ಚು ಉಳಿತಾಯ ಮಾಡಿತು. ಹತ್ತು ನಗರಗಳು ಸಾಲುಗಟ್ಟಿ ನಿಂತಿದ್ದರೆ ಆ ಷರತ್ತು ನಡೆಯುತ್ತಿತ್ತೆಂದು ನಾನು ನಂಬುವುದಿಲ್ಲ.

ಆದರೂ ತಡವಾಗಿ ಎಚ್ಚೆತ್ತುಕೊಳ್ಳುವುದು ಇನ್ನೂ ದುಬಾರಿ. 2026ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಒಪ್ಪಿಕೊಂಡಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2023ರ ಜುಲೈನಲ್ಲಿ ವೆಚ್ಚದ ಕಾರಣ ನೀಡಿ ಹಿಂದೆ ಸರಿದು, ನಡೆಯದ ಕೂಟಕ್ಕಾಗಿ 38 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರ ತೆರಬೇಕಾಯಿತು. ಅದಕ್ಕೂ ಮೊದಲು, 2022ರ ಇದೇ ಕೂಟಕ್ಕೆ ಆಯ್ಕೆಯಾಗಿದ್ದ ಡರ್ಬನ್ ಅಗತ್ಯ ಭರವಸೆಗಳನ್ನು ಒದಗಿಸದ ಕಾರಣ 2017ರಲ್ಲಿ ಆತಿಥ್ಯವನ್ನೇ ಕಳೆದುಕೊಂಡಿತ್ತು.

ಹಸ್ತಕ್ಷೇಪದ ಆರೋಪ ಸಲ್ಲುವುದು ಸಂಸ್ಥೆಗಳ ಆಡಳಿತದಲ್ಲಿ ಸರ್ಕಾರ ಕೈಹಾಕಿದಾಗ. 2015ರಲ್ಲಿ ಕುವೈತ್‌ನ ಒಲಿಂಪಿಕ್ ಸಮಿತಿ ಅಮಾನತಾದದ್ದು ಅಂಥ ಕಾರಣಕ್ಕೆ. ಜಾಮೀನುಪತ್ರಕ್ಕೆ ಸಹಿ ಹಾಕಲು ನಿರಾಕರಿಸಿದ್ದಕ್ಕಲ್ಲ.