ಕೈಗಾದ ಹಳೆ ಇಂಧನವನ್ನು ಕಾದ ಉಪ್ಪಿಗೆ ಹಾಕಿದರೆ ಏನಾಗುತ್ತದೆ?

ಕೈಗಾದಂಥ ಸ್ಥಾವರದಲ್ಲಿ ಉರಿದ ಇಂಧನವನ್ನು ಆಸಿಡ್ ಇಲ್ಲದೆ, ಕರಗಿದ ಉಪ್ಪಿನಲ್ಲಿ ಮುಳುಗಿಸಿ ಯುರೇನಿಯಂ ಬೇರ್ಪಡಿಸಬಹುದಂತೆ, ನಿಜವೇ ಅಂತ ಕೇಳಿದ್ದೀರಿ. ನಿಜ. ಕೆಲವು ವರ್ಷ ನಾನು ಇದೇ ಕೆಲಸ ಮಾಡಿದ್ದೇನೆ, ರಿಯಾಕ್ಟರಿಗೆ ಹೋಗದ ಪೆಲೆಟ್‌ಗಳ (ಇಂಧನದ ಪುಟ್ಟ ಬಿಲ್ಲೆಗಳ) ಮೇಲೆ.

ಸಾಮಾನ್ಯವಾಗಿ ಎಲ್ಲರೂ ಹೇಳುವುದು ಎರಡನೇ ಹಂತದ ಕಥೆ: 500 ಡಿಗ್ರಿಯ ಲಿಥಿಯಂ-ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಕರೆಂಟು ಹರಿಸಿ, ಉಕ್ಕಿನ ಸರಳಿನ ಮೇಲೆ ಶುದ್ಧ ಯುರೇನಿಯಂ ಕೂರಿಸುವುದು. ಅಮೆರಿಕದ ಇಡಾಹೊದಲ್ಲಿ 1996ರಲ್ಲಿ ಇಬಿಆರ್-2 ರಿಯಾಕ್ಟರಿನ ಇಂಧನಕ್ಕೆ ಇದನ್ನೇ ಶುರು ಮಾಡಿದರು. ಆದರೆ ಅದು ಲೋಹದ ಇಂಧನ. ಕೈಗಾದ್ದು ಆಕ್ಸೈಡ್. ಮೊದಲು ಅದರೊಳಗಿನ ಆಮ್ಲಜನಕ ಬಿಡಿಸಬೇಕು, ಕಷ್ಟವೆಲ್ಲ ಅಲ್ಲೇ.

ಅದಕ್ಕೆ 650 ಡಿಗ್ರಿಯ ಲಿಥಿಯಂ ಕ್ಲೋರೈಡ್ ಬೇಕು, ಜೊತೆಗೆ ಸುಮಾರು 1% ಲಿಥಿಯಂ ಆಕ್ಸೈಡ್. ಪೆಲೆಟ್ ತುಂಬಿದ ಸ್ಟೀಲ್ ಬುಟ್ಟಿಯೇ ಕ್ಯಾಥೋಡ್, ಅಂದರೆ ಕರೆಂಟಿನ ಋಣ ತುದಿ. ಪೆಲೆಟ್ ಬಿಟ್ಟುಕೊಟ್ಟ ಆಮ್ಲಜನಕ ಉಪ್ಪಿನ ಮೂಲಕ ಸಾಗಿ ಪ್ಲಾಟಿನಂ ಆನೋಡಿನಲ್ಲಿ (ಧನ ತುದಿಯಲ್ಲಿ) ಅನಿಲವಾಗಿ ಹೊರಬೀಳುತ್ತದೆ. ಅರ್ಧಕ್ಕೆ ನಿಲ್ಲಿಸಿ ಪೆಲೆಟ್ ಕತ್ತರಿಸಿದರೆ ಅಂಚು ಬೂದುಬಣ್ಣದ ಲೋಹ, ನಡುವೆ ಇನ್ನೂ ಕಪ್ಪು ಆಕ್ಸೈಡ್. ಪೂರ್ತಿಯಾದಾಗ ತೂಕದಲ್ಲಿ ಸುಮಾರು 12% ಹೋಗಿರುತ್ತದೆ, ಆಕಾರ ಹೆಚ್ಚುಕಮ್ಮಿ ಹಾಗೇ, ಒಳಗೆಲ್ಲ ಸಣ್ಣ ಸಣ್ಣ ತೂತು.

ಲಿಥಿಯಂ ಆಕ್ಸೈಡ್ ಕಡಿಮೆಯಾಗಿದ್ದು ಒಮ್ಮೆ ನನ್ನ ಗಮನಕ್ಕೆ ಬರಲಿಲ್ಲ. ಆನೋಡ್ ಎತ್ತಿ ನೋಡಿದರೆ ಪ್ಲಾಟಿನಂ ತಗಡಿನ ತುದಿ ಕರಗಿಹೋಗಿತ್ತು. ಈ ಉಪ್ಪು ಮಳೆಗಾಲದ ಉಪ್ಪಿನ ಡಬ್ಬಿಗಿಂತ ಬೇಗ ನೀರೆಳೆಯುತ್ತದೆ, ಹಾಗಾಗಿ ಎಲ್ಲವನ್ನೂ ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೇ ಮಾಡಬೇಕು.

ರಷ್ಯಾದ ದಿಮಿತ್ರೋವ್‌ಗ್ರಾದ್‌ನಲ್ಲಿ ಬೇರೆ ದಾರಿ ಹಿಡಿದರು: ಕ್ಲೋರಿನ್ ಹಾಯಿಸಿ ಕರಗಿಸಿ, ಮತ್ತೆ ಆಕ್ಸೈಡಾಗಿಯೇ ತೆಗೆದು, ಬಿಒಆರ್-60 ರಿಯಾಕ್ಟರಿನಲ್ಲಿ ಉರಿಸಿದರು.

"ಇದರಲ್ಲಿ ತ್ಯಾಜ್ಯವೇ ಇರಲ್ಲ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ವಿಕಿರಣ ಸೂಸುವ ಸೀಸಿಯಂ, ಸ್ಟ್ರಾನ್ಷಿಯಂ ಉಪ್ಪಿನಲ್ಲೇ ಉಳಿಯುತ್ತವೆ. ಆ ಉಪ್ಪನ್ನು ಜಿಯೋಲೈಟ್ ಎಂಬ ಖನಿಜ ಮತ್ತು ಗಾಜಿನ ಜೊತೆ ಬೇಯಿಸಿ ಗಟ್ಟಿ ಮಾಡಿ ಜೋಪಾನವಾಗಿ ಕಾಯ್ದಿಡಬೇಕು.

ಇನ್ನು ಕೈಗಾ ವಿಷಯ. ಅಲ್ಲಿ ಉರಿಯುವುದು ನೈಸರ್ಗಿಕ ಯುರೇನಿಯಂ, ಉರಿದ ಮೇಲೆ ಪ್ಲುಟೋನಿಯಂ ಇರುವುದು ತೀರಾ ಸ್ವಲ್ಪ. ಅದಕ್ಕೆ ತಾರಾಪುರ, ಕಲ್ಪಾಕ್ಕಂಗಳಲ್ಲಿ ನಡೆಯುವ ನೈಟ್ರಿಕ್ ಆಸಿಡ್ ವಿಧಾನವೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಉಪ್ಪಿನ ವಿಧಾನ ನಿಜಕ್ಕೂ ಬೇಕಾಗುವುದು ಫಾಸ್ಟ್ ರಿಯಾಕ್ಟರ್ (ವೇಗದ ನ್ಯೂಟ್ರಾನ್‌ಗಳಿಂದ ನಡೆಯುವ ರಿಯಾಕ್ಟರ್) ಇಂಧನಕ್ಕೆ. ಅದರ ತೀವ್ರ ವಿಕಿರಣ ಆಸಿಡ್ ವಿಧಾನದ ಸಾವಯವ ದ್ರಾವಕವನ್ನು ಒಡೆದುಹಾಕುತ್ತದೆ, ಉಪ್ಪು ಮಾತ್ರ ತಡೆದುಕೊಳ್ಳುತ್ತದೆ.