“ಓದಿದೆ ಅತ್ತೆ” ಅಂತ ದಿನಾ ಸುಳ್ಳು ಹೇಳುತ್ತಿದ್ದೇನೆ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್. ಊರು ಬೀದರ್ ಕಡೆ, ಮೆಥೋಡಿಸ್ಟ್ ಸಭೆಯಲ್ಲಿ ಬೆಳೆದವಳು. ಮೂರು ವರ್ಷದ ಮಗನನ್ನು ನೋಡಿಕೊಳ್ಳಲು ಅತ್ತೆ ನಮ್ಮ ಜೊತೆಗೇ ಇದ್ದಾರೆ. ಈ ವರ್ಷ ಇಡೀ ಸತ್ಯವೇದ (ಬೈಬಲ್) ಓದಿ ಮುಗಿಸಬೇಕು ಅಂತ ಜನವರಿ 1ಕ್ಕೆ ಮೊಬೈಲಿನಲ್ಲಿ ಪ್ಲಾನ್ ಶುರು ಮಾಡಿದೆ. ಅದರ ಮೂರನೇ ಪುಸ್ತಕ ಯಾಜಕಕಾಂಡದ 13ನೇ ಅಧ್ಯಾಯಕ್ಕೆ ಬಂದು ನಿಂತುಹೋಯಿತು. ಈಗ ಎಪ್ಪತ್ತು ದಿನ ಹಿಂದಿದ್ದೇನೆ. ಪ್ರಾರ್ಥನೆಗೆ ಮೊಣಕಾಲೂರಿದರೆ ನಿದ್ದೆ ಬರುತ್ತದೆ. ಅತ್ತೆ ಬೆಳಿಗ್ಗೆ ಐದಕ್ಕೇ ಎದ್ದು ಪ್ರಾರ್ಥನೆ ಮಾಡುವವರು. ದಿನಾ ಕೇಳುತ್ತಾರೆ, “ವಾಕ್ಯ ಓದಿದ್ಯಾಮ್ಮಾ?” ನಾನು “ಓದಿದೆ ಅತ್ತೆ” ಅನ್ನುತ್ತೇನೆ. ದೇವರು ದೂರ ಆಗಿಬಿಟ್ಟ ಹಾಗಿದೆ. ಏನು ಮಾಡಲಿ?

ಉತ್ತರ: ಮೊದಲು ಆ ಎಪ್ಪತ್ತು ದಿನದ ಬಾಕಿ ಮನ್ನಾ. ಮನ್ನಾ ಮಾಡಲು ನೀವ್ಯಾರು ಅಂತ ಕೇಳಬಹುದು, ಸರಿಯೇ, ಆದರೆ ಆ ಬಾಕಿ ಬರೆದಿಟ್ಟದ್ದೂ ದೇವರಲ್ಲ, ನಿಮ್ಮ ಮೊಬೈಲು.

ಲೆಕ್ಕ ನೋಡಿ. ಸತ್ಯವೇದದಲ್ಲಿ 1189 ಅಧ್ಯಾಯ. ವರ್ಷದಲ್ಲಿ ಮುಗಿಸಬೇಕೆಂದರೆ ದಿನಕ್ಕೆ ಮೂರು ಚಿಲ್ಲರೆ. ಆದಿಕಾಂಡ, ವಿಮೋಚನಕಾಂಡ ಕಥೆಯ ಹಾಗೆ ಓದಿಸಿಕೊಂಡು ಹೋಗುತ್ತವೆ, ಜನವರಿ ಮುಗಿಯುವ ಹೊತ್ತಿಗೆ ಯಾಜಕಕಾಂಡ ಎದುರಿಗೆ ಬಂದು ನಿಲ್ಲುತ್ತದೆ, ಎಷ್ಟೋ ಜನರ ಗಾಡಿ ಕೆಡುವುದು ಅಲ್ಲೇ. ನನ್ನದು ಎರಡು ಸಲ ಕೆಟ್ಟಿದೆ. ಅದರಲ್ಲೂ ನೀವು ನಿಂತಿರುವ 13ನೇ ಅಧ್ಯಾಯ ಇದೆಯಲ್ಲ, 59 ವಚನ, ಹೆಚ್ಚಿನದೆಲ್ಲ ಚರ್ಮದ ಕಾಯಿಲೆ! ಯಾಜಕ ಮಚ್ಚೆ ನೋಡಬೇಕು, ಏಳು ದಿನ ಬೇರೆ ಇಡಬೇಕು, ಮತ್ತೆ ನೋಡಬೇಕು. ರಾತ್ರಿಯೆಲ್ಲ ವಾರ್ಡಿನಲ್ಲಿ ಅದನ್ನೇ ಮಾಡಿ ಬಂದವರಿಗೆ ಮನೆಯಲ್ಲೂ ಅದೇ ಓದು ಅಂದರೆ ನಿದ್ದೆ ಬರದೆ ಇನ್ನೇನು ಬರುತ್ತೆ.

ಇನ್ನೊಂದು ಮಾತು. ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಪತ್ರ ಬರೆದಾಗ ಅದರಲ್ಲಿ ಅಧ್ಯಾಯಗಳೇ ಇರಲಿಲ್ಲ. ನಾವು ಈಗ ಎಣಿಸುವ ಅಧ್ಯಾಯಗಳು ಬಂದದ್ದು 13ನೇ ಶತಮಾನದಲ್ಲಿ. ಪೌಲನ ಕಾಲದಲ್ಲಿ ಸಭೆಯಲ್ಲಿ ಒಬ್ಬರು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ನಮ್ಮ ಕಡೆಯಂತೂ, 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಕೂತು ಅನುವಾದ ಮಾಡುವವರೆಗೆ ಕನ್ನಡದಲ್ಲಿ ಓದಲು ಪೂರ್ತಿ ಸತ್ಯವೇದವೇ ಇರಲಿಲ್ಲ. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. “ಯೆಹೋವನು ನನಗೆ ಕುರುಬನು, ಕೊರತೆಪಡೆನು” ಅಂತ 23ನೇ ಕೀರ್ತನೆ ಪೂರ್ತಿ ಬಾಯಿಪಾಠ, ಅಕ್ಕಿ ಆರಿಸುವಾಗ ಅದನ್ನೇ ಹೇಳಿಕೊಳ್ಳುತ್ತಿದ್ದರು. ಮೊಬೈಲಿನ ಲೆಕ್ಕದಲ್ಲಿ ಅಜ್ಜಿ ಎಷ್ಟು ದಿನ ಹಿಂದಿದ್ದರೋ ಏನೋ.

ಹಾಗಂತ ಓದಬೇಡಿ ಅನ್ನುತ್ತಿಲ್ಲ. ಓದಲೇಬೇಕು, ಓದದೆ ಬರೀ ಪ್ರಾರ್ಥನೆ ಮಾಡಿದರೆ ನಾವೇ ಮಾತಾಡಿ ನಾವೇ ಎದ್ದು ಬಂದ ಹಾಗಾಗುತ್ತೆ. ಆದರೆ ನಿಮ್ಮ ಪತ್ರ ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದು ಹೇಳಲಾ? ನಿಮ್ಮನ್ನು ಜಾಸ್ತಿ ಸುಸ್ತು ಮಾಡುತ್ತಿರುವುದು ಆ “ಓದಿದೆ ಅತ್ತೆ”. ದಿನಾ ಬೆಳಿಗ್ಗೆ ದೇವರ ಹೆಸರಿನಲ್ಲಿ ಒಂದು ಸಣ್ಣ ಸುಳ್ಳು ಹೇಳಿ, ಆಮೇಲೆ ಅದೇ ದೇವರ ಮುಂದೆ ಮೊಣಕಾಲೂರಿ ಏನು ಮಾತಾಡುವುದು? ಬಾಯಿ ಕಟ್ಟುತ್ತೆ ಅಲ್ವಾ?

ಹಾಗಾಗಿ ಮೊದಲು ಆತನಿಗೇ ನಿಜ ಹೇಳಿ. “ಕರ್ತನೇ, ಓದಲು ಮನಸ್ಸೇ ಬರುತ್ತಿಲ್ಲ, ನಿದ್ದೆ ಬರ್ತಿದೆ.” ಇಷ್ಟೇ. ಇದೂ ಪ್ರಾರ್ಥನೆಯೇ. ನಂಬಿಕೆ ಬರದಿದ್ದರೆ 88ನೇ ಕೀರ್ತನೆ ತೆಗೆಯಿರಿ. ಬೇರೆ ಎಷ್ಟೋ ದುಃಖದ ಕೀರ್ತನೆಗಳಲ್ಲಿ ಕೊನೆಗೆ ಎಲ್ಲೋ ಒಂದು ಸಮಾಧಾನದ ಮಾತು ಸಿಗುತ್ತದೆ, ಇದರಲ್ಲಿ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಸತ್ಯವೇದದಿಂದ ಕಿತ್ತು ಹಾಕಿಲ್ಲ.

ನಿದ್ದೆಯ ವಿಷಯಕ್ಕೆ ಪ್ರವಾದಿ ಎಲೀಯನನ್ನು ನೋಡಿ, 1 ಅರಸುಗಳು 19. ಸಾಕಪ್ಪಾ ಸಾಕು, ಪ್ರಾಣ ತೆಗೆದುಕೋ ಅಂತ ಗಿಡದ ಕೆಳಗೆ ಬಿದ್ದುಕೊಂಡವನಿಗೆ ದೇವದೂತ ಬಂದು ಬೋಧನೆ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದೇವರು ಮಾತಾಡಿದ್ದು ಇದೆಲ್ಲ ಆದ ಮೇಲೆ. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ನೀವೂ ಮೊದಲು ತಿಂದು ಮಲಗಿ.

ಎದ್ದ ಮೇಲೆ ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆ ಹಿಡಿಯಿರಿ. ಬರೀ 16 ಅಧ್ಯಾಯ, ಒಂದು ಘಟನೆ ಮುಗಿದ ತಕ್ಷಣ ಇನ್ನೊಂದು, ಕಾಯಿಲೆಯವರೂ ಬೇಕಾದಷ್ಟು ಜನ ಬರುತ್ತಾರೆ. ದಿನಕ್ಕೆ ಒಂದೇ ಘಟನೆ ಸಾಕು, ಬಸ್ಸಿನಲ್ಲಾದರೆ ಆಡಿಯೊ ಬೈಬಲ್ ಕೇಳಿ. ಅದರಲ್ಲಿ ನಿಮಗೆ ತಟ್ಟಿದ ಒಂದು ಮಾತು ಹಿಡಿದುಕೊಂಡು ಅದರ ಬಗ್ಗೆಯೇ ಎರಡು ನಿಮಿಷ ಆತನ ಹತ್ತಿರ ಮಾತಾಡಿ. ಮಾತೇ ಬರದ ದಿನ “ಪರಲೋಕದಲ್ಲಿರುವ ನಮ್ಮ ತಂದೆಯೇ” ನಿಧಾನವಾಗಿ ಹೇಳಿ. ಆ ಪ್ಲಾನಿನ ನೋಟಿಫಿಕೇಶನ್ ಮಾತ್ರ ಇವತ್ತೇ ಆಫ್ ಮಾಡಿ.

ಒಂದು ವಿಷಯ ನೀವೇ ಗಮನಿಸಿಕೊಳ್ಳಿ. ಪ್ರಾರ್ಥನೆಯಲ್ಲಿ ಮಾತ್ರ ಅಲ್ಲದೆ ಊಟ, ಮಗು, ಕೆಲಸ ಯಾವುದರಲ್ಲೂ ವಾರಗಟ್ಟಲೆ ಮನಸ್ಸು ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಅದನ್ನು ನಂಬಿಕೆ ಕಡಿಮೆ ಆಯಿತು ಅಂತ ಅಂದುಕೊಳ್ಳಬೇಡಿ. ನಿಮ್ಮ ಪೇಶೆಂಟಿಗಾದರೆ ನೀವೂ ಇದನ್ನೇ ಹೇಳುತ್ತೀರಿ.

ಈಗ ಅತ್ತೆ. ಕಷ್ಟದ ಕೆಲಸ ಇದೇ. ನಾಳೆ ಅವರು ಕೇಳಿದಾಗ “ಇಲ್ಲ ಅತ್ತೆ, ತುಂಬಾ ದಿನದಿಂದ ಓದಿಲ್ಲ, ನಾನು ತಿಂಡಿ ತಿನ್ನುವಾಗ ನೀವೇ ಸ್ವಲ್ಪ ಗಟ್ಟಿಯಾಗಿ ಓದ್ತೀರಾ?” ಅನ್ನಿ. ಒಂದು ಕ್ಷಣ ಮುಖ ಚಿಕ್ಕದು ಮಾಡಿಕೊಳ್ಳಬಹುದು, ಒಂದೆರಡು ಬುದ್ಧಿಮಾತೂ ಬರಬಹುದು, ಕೇಳಿಸಿಕೊಳ್ಳಿ. ಆದರೆ ಸೊಸೆ ಹೀಗೆ ಕೇಳಿದಾಗ ಒಲ್ಲೆ ಅನ್ನುವ ಅತ್ತೆ ಬೆಳಿಗ್ಗೆ ಐದಕ್ಕೆದ್ದು ಪ್ರಾರ್ಥನೆ ಮಾಡುವವರಲ್ಲಿ ಕಡಿಮೆ. ಅವರಿಗೂ ಯಾವತ್ತೋ ಒಮ್ಮೆ ಹೀಗೆ ಒಣಗಿಹೋದ ದಿನಗಳು ಇದ್ದಿರಬಹುದು, ಅದನ್ನೂ ಕೇಳಿ ನೋಡಿ.

ಯಾಜಕಕಾಂಡ 13 ಎಲ್ಲಿಗೂ ಹೋಗುವುದಿಲ್ಲ. ಡ್ಯೂಟಿ ಇಲ್ಲದ ಒಂದು ವಾರ ನಿಧಾನವಾಗಿ ಓದಿ, ನರ್ಸ್ ಕಣ್ಣಿಗೆ ನಮಗೆ ಕಾಣದ್ದೇನೋ ಅಲ್ಲಿ ಕಾಣಬಹುದು. ಅತ್ತೆ ಏನಂದರು ಅಂತ ಮಾತ್ರ ಮರೆಯದೆ ಬರೆಯಿರಿ.